ಎಂಪಿ ಆಗಬೇಕೆ? ಮೊದಲು ಮನೆಯ ಬೀರು ತೆಗೆಯಿರಿ

ಹನುಮಂತನಗರದಲ್ಲಿ ನನ್ನದೊಂದು ಟೈಪಿಂಗ್, ಜೆರಾಕ್ಸ್ ಅಂಗಡಿ ಇದೆ. ಇಪ್ಪತ್ತೆಂಟು ವರ್ಷದಿಂದ ಅದೇ ಸ್ಟೂಲ್ ಮೇಲೆ ಕೂತಿದ್ದೇನೆ. ಬಾಡಿಗೆ ಕರಾರು, ಹೆಸರು ಬದಲಾವಣೆಯ ಅಫಿಡವಿಟ್, ಕಳೆದುಹೋದ ಮಾರ್ಕ್ಸ್ ಕಾರ್ಡಿಗೆ ಅರ್ಜಿ, ಇವೇ ನನ್ನ ಅನ್ನ. ಚುನಾವಣೆ ಬಂದಾಗ ನಾಮಪತ್ರದ ಕೆಲಸವೂ ಬರುತ್ತದೆ. ಅಭ್ಯರ್ಥಿ ಗಂಡಸಾದರೆ ಎದುರು ಕುರ್ಚಿಯಲ್ಲಿ ಕೂತು ತಾನೇ ಹೇಳುತ್ತಾ ಹೋಗುತ್ತಾನೆ, ನಾನು ಟೈಪ್ ಮಾಡುತ್ತೇನೆ. ಅಭ್ಯರ್ಥಿ ಹೆಂಗಸಾದರೆ ಕುರ್ಚಿಯಲ್ಲಿ ಕೂರುವುದು ಆಕೆ, ಉತ್ತರ ಕೊಡುವುದು ಹಿಂದೆ ನಿಂತ ಯಜಮಾನರು. "ನಿಮ್ಮ ಹತ್ತಿರ ಎಷ್ಟು ಗ್ರಾಂ ಒಡವೆ ಇದೆಯಮ್ಮ?" ಅಂದರೂ ಆಕೆ ತಿರುಗಿ ಗಂಡನ ಮುಖ ನೋಡುತ್ತಾಳೆ. ಒಡವೆ ಮಾತ್ರ ಆಕೆಯ ಕುತ್ತಿಗೆಯಲ್ಲೇ ಇರುತ್ತದೆ.

ಮಹಿಳಾ ಮೀಸಲಾತಿ ಬಂದರೆ ಎಲ್ಲ ಸರಿಹೋಗುತ್ತದೆ ಅನ್ನುವವರು ನನ್ನ ಅಂಗಡಿಗೂ ಬರುತ್ತಾರೆ. ಆ ಮಸೂದೆ ಮೊದಲ ಸಲ ಲೋಕಸಭೆಗೆ ಬಂದದ್ದು 1996ರ ಸೆಪ್ಟೆಂಬರ್‌ನಲ್ಲಿ, ನಮ್ಮ ದೇವೇಗೌಡರು ಪ್ರಧಾನಿಯಾಗಿದ್ದಾಗ. 2010ರಲ್ಲಿ ರಾಜ್ಯಸಭೆ ಒಪ್ಪಿತು, ಲೋಕಸಭೆಯಲ್ಲಿ ಮುಂದಕ್ಕೆ ಹೋಗಲಿಲ್ಲ. ಕೊನೆಗೆ 2023ರ ಸೆಪ್ಟೆಂಬರ್ 20ರಂದು ಲೋಕಸಭೆಯಲ್ಲಿ 454 ಮತಗಳು ಪರವಾಗಿ, 2 ವಿರುದ್ಧವಾಗಿ ಬಿದ್ದು ಪಾಸಾಯಿತು. ಮೂರನೇ ಒಂದು ಭಾಗ ಸ್ಥಾನ ಹೆಂಗಸರಿಗೆ. ಆದರೆ ಆಗ ಪಾಸಾದ ಕಾಯ್ದೆಯಲ್ಲೇ ಒಂದು ಬೀಗ ಇತ್ತು: ಜನಗಣತಿ ಆಗಬೇಕು, ಅದರ ಮೇಲೆ ಕ್ಷೇತ್ರ ಮರುವಿಂಗಡಣೆ ಆಗಬೇಕು, ಆಮೇಲೆ ಜಾರಿ. ಅಂದರೆ 27 ವರ್ಷ ಕಾದು ಪಡೆದದ್ದಕ್ಕೆ ಮತ್ತೆ ಕಾಯುವ ಚೀಟಿ. ಅತ್ತ 2024ರಲ್ಲಿ 543ರಲ್ಲಿ ಗೆದ್ದ ಹೆಂಗಸರು 74, 2019ಕ್ಕಿಂತ ನಾಲ್ಕು ಕಡಿಮೆ. ಕರ್ನಾಟಕದ 28ರಲ್ಲಿ 3.

ಬೀಗ ತೆಗೆಯುವ ದಿನ ಏನಾಗುತ್ತದೆ ಅಂತ ನನಗೆ ಈಗಲೇ ಕಾಣುತ್ತಿದೆ. ಕ್ಷೇತ್ರ ಮಹಿಳೆಗೆ ಮೀಸಲು ಅಂತ ಪ್ರಕಟವಾದ ಸಂಜೆಯೇ ಮುಖಂಡರು ಮನೆಯೊಳಗೆ ಹೋಗಿ ಹೆಂಡತಿ, ಮಗಳು, ಸೊಸೆ ಯಾರಿದ್ದಾರೆ ನೋಡುತ್ತಾರೆ. ಅವರ ಕಾಗದಪತ್ರ ಎಲ್ಲ ರೆಡಿ ಇರುತ್ತದೆ, ಆಡಿಟರ್ ಇದ್ದಾರೆ, ವಕೀಲರಿದ್ದಾರೆ. ಹದಿನೈದು ವರ್ಷ ಬೂತ್‌ನಲ್ಲಿ ದುಡಿದ ಕಾರ್ಯಕರ್ತೆಗೆ ಮಾತ್ರ ತನ್ನ ಪ್ಯಾನ್ ಕಾರ್ಡ್ ಎಲ್ಲಿದೆ ಗೊತ್ತಿರುವುದಿಲ್ಲ. ಆಕೆಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಭಾಷಣ ಮಾಡುವುದು ಹೇಗೆ ಅಂತ ಹೇಳಿಕೊಡುವ ಯೋಗ್ಯತೆ ನನಗಿಲ್ಲ. ಕಾಗದ ಹೊಂದಿಸುವುದು ಗೊತ್ತು.

ನಿಮ್ಮ ಹೆಸರು ಎಲ್ಲಿದೆ?

ಮೊದಲ ಸಾರ್ವತ್ರಿಕ ಚುನಾವಣೆಗೆ ಮತದಾರರ ಪಟ್ಟಿ ಮಾಡುವಾಗ ಉತ್ತರದ ಕಡೆ ಎಷ್ಟೋ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಅಂತಷ್ಟೇ ಬರೆಸಿದರು. ಆಗಿನ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್, ಸ್ವಂತ ಹೆಸರಿಲ್ಲದೆ ಪಟ್ಟಿಯಲ್ಲಿ ಜಾಗವಿಲ್ಲ ಅಂದುಬಿಟ್ಟರು. ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಬಿದ್ದರು. ಕ್ರೂರ ಅನ್ನಿಸುತ್ತದೆ. ನನಗೆ ಮಾತ್ರ ಆ ಮನುಷ್ಯ ಸರಿಯಾಗಿಯೇ ಮಾಡಿದ ಅನ್ನಿಸಿದ್ದಿದೆ. ಮುಂದಿನ ಚುನಾವಣೆಗೆ ಹೆಸರು ಹೇಳಲೇಬೇಕಾಯಿತಲ್ಲ.

ಈಗಲೂ ಮದುವೆಯಾಗಿ ಬಂದ ಹುಡುಗಿಯ ಹೆಸರು ತವರಿನ ಪಟ್ಟಿಯಲ್ಲೇ ಉಳಿದಿರುತ್ತದೆ. ಮನೆ ಬದಲಾಯಿಸಿದ್ದರೆ, ಹೆಸರಿನ ಕಾಗುಣಿತ ತಪ್ಪಿದ್ದರೆ, ಎರಡಕ್ಕೂ ಫಾರಂ 8. ಹೊಸದಾಗಿ ಸೇರಿಸಲು ಫಾರಂ 6. ಚುನಾವಣಾ ಆಯೋಗದ ಆ್ಯಪ್‌ನಲ್ಲೇ ಮಾಡಬಹುದು, ಅಥವಾ ನಿಮ್ಮ ಬೂತಿನ ಬಿಎಲ್‌ಒ, ಅಂದರೆ ಬೂತ್ ಮಟ್ಟದ ಅಧಿಕಾರಿಯ ಕೈಗೆ ಕೊಡಬಹುದು. ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಮತದಾರರ ಗುರುತಿನ ಚೀಟಿ ನಾಲ್ಕರಲ್ಲೂ ಹೆಸರು ಒಂದೇ ಥರ ಇರಲಿ. ಒಂದರಲ್ಲಿ ತಂದೆಯ ಇನಿಷಿಯಲ್, ಇನ್ನೊಂದರಲ್ಲಿ ಗಂಡನ ಹೆಸರು, ಮೂರನೆಯದರಲ್ಲಿ ಕೊನೆಗೊಂದು "ಅಮ್ಮ" ಅಂತಿದ್ದರೆ ನಿಮಗೂ ತಲೆನೋವು, ನನಗೂ ತಲೆನೋವು. ಅಂದಹಾಗೆ ಲೋಕಸಭೆಯ ನಾಮಪತ್ರ, ಅಂದರೆ ಫಾರಂ 2ಎ, ತಂದೆ ಅಥವಾ ತಾಯಿ ಅಥವಾ ಗಂಡನ ಹೆಸರು ಕೇಳುತ್ತದೆ. ತಾಯಿಯ ಹೆಸರನ್ನೂ ಬರೆಯಬಹುದು. ಇದನ್ನು ಹೇಳಿದಾಗ ಒಬ್ಬಾಕೆ, "ಹೌದಾ? ಹಾಗಾದ್ರೆ ನಮ್ಮಮ್ಮಂದೇ ಹಾಕಿ" ಅಂದರು. ಯಜಮಾನರು ಹೊರಗೆ ಹೋಗಿ ಸಿಗರೇಟ್ ಹಚ್ಚಿದರು.

ಲೋಕಸಭೆಗೆ ನಿಲ್ಲಲು 25 ವರ್ಷ ತುಂಬಿರಬೇಕು, ದೇಶದ ಯಾವುದಾದರೊಂದು ಲೋಕಸಭಾ ಕ್ಷೇತ್ರದ ಮತದಾರಳಾಗಿರಬೇಕು. ನಿಲ್ಲುವ ಕ್ಷೇತ್ರದಲ್ಲೇ ಹೆಸರಿರಬೇಕು ಅಂತಿಲ್ಲ. 1999ರಲ್ಲಿ ಬಳ್ಳಾರಿಯಲ್ಲಿ ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಎದುರುಬದುರಾಗಿ ನಿಂತರಲ್ಲ, ಇಬ್ಬರೂ ಹೊರಗಿನವರೇ. ಸುಷ್ಮಾ ಕನ್ನಡ ಕಲಿತು ಭಾಷಣ ಮಾಡಿದರು, ಸೋತರು, ಆದರೂ ಬಳ್ಳಾರಿಯವರು ಈಗಲೂ ಆ ಕನ್ನಡದ ಮಾತು ತೆಗೆಯುತ್ತಾರೆ. ನಮ್ಮಂಥವರಿಗೆ ಬಳ್ಳಾರಿ ಬೇಡ. ನಮ್ಮ ವಾರ್ಡ್ ಯಾವ ಲೋಕಸಭಾ ಕ್ಷೇತ್ರಕ್ಕೆ ಸೇರುತ್ತದೆ ಅಂತ ಮೊದಲು ತಿಳಿದರೆ ಸಾಕು. ಬೆಂಗಳೂರಿನಲ್ಲಿ ಅದು ಅಂದುಕೊಂಡಷ್ಟು ಸುಲಭ ಅಲ್ಲ. ಹನುಮಂತನಗರ ಬೆಂಗಳೂರು ದಕ್ಷಿಣ. ನಡೆದೇ ಹೋಗಬಹುದಾದ ಚಾಮರಾಜಪೇಟೆ ಬೆಂಗಳೂರು ಕೇಂದ್ರ. ರಾಜರಾಜೇಶ್ವರಿನಗರ ಬೆಂಗಳೂರು ಗ್ರಾಮಾಂತರ. ಈ ಗೊಂದಲದಲ್ಲೇ ನಾನೊಮ್ಮೆ ಮುಗ್ಗರಿಸಿದೆ, ಅದನ್ನು ಆಮೇಲೆ ಹೇಳುತ್ತೇನೆ.

ಬೀರುವಿನ ಫೈಲು

ನಾಮಪತ್ರಕ್ಕಿಂತ ಕಷ್ಟದ್ದು ಫಾರಂ 26, ಅಂದರೆ ಪ್ರಮಾಣಪತ್ರ. ನಿಮ್ಮ ಮತ್ತು ಗಂಡನ ಪ್ಯಾನ್, ಕಳೆದ ಐದು ವರ್ಷದ ಆದಾಯ ತೆರಿಗೆ ರಿಟರ್ನ್‌ನಲ್ಲಿ ತೋರಿಸಿದ ಆದಾಯ, ಕೈಯಲ್ಲಿರುವ ನಗದು, ಬ್ಯಾಂಕ್ ಖಾತೆಗಳು, ಎಲ್‌ಐಸಿ, ಪೋಸ್ಟ್ ಆಫೀಸ್ ಉಳಿತಾಯ, ವಾಹನ, ಒಡವೆಯ ತೂಕ ಮತ್ತು ಬೆಲೆ, ಜಮೀನು, ಸೈಟು, ಮನೆ, ಸಾಲ, ಕ್ರಿಮಿನಲ್ ಕೇಸು, ಓದು, ಎಲ್ಲ ಬರೆಯಬೇಕು. ನಿಮ್ಮದೊಂದು ಕಾಲಂ, ಗಂಡನದೊಂದು, ಅವಲಂಬಿತರದೊಂದು.

ಕಷ್ಟ ಶುರುವಾಗುವುದೇ ಎರಡನೇ ಕಾಲಂನಲ್ಲಿ. ಗಂಡ ಅಭ್ಯರ್ಥಿಯಾದಾಗ ಹೆಂಡತಿಯ ಕಾಲಂ ಐದು ನಿಮಿಷದಲ್ಲಿ ತುಂಬುತ್ತದೆ: ಒಡವೆ ಇಷ್ಟು, ಖಾತೆಯಲ್ಲಿ ಇಷ್ಟು. ಹೆಂಡತಿ ಅಭ್ಯರ್ಥಿಯಾದಾಗ ಗಂಡನ ಕಾಲಂ ತುಂಬಲು ಮೂರು ದಿನ. ಯಾವ ಫೈನಾನ್ಸ್‌ನಲ್ಲಿ ಸಾಲ, ಯಾರಿಗೆ ಜಾಮೀನು, ತಮ್ಮನ ಹೆಸರಲ್ಲಿ ಯಾವ ಸೈಟು, ಆಕೆಗೆ ಒಂದೂ ಗೊತ್ತಿರುವುದಿಲ್ಲ. ನನ್ನ ಕೀಬೋರ್ಡ್ ಮುಂದೆ ಕೂತೇ ಗಂಡನ ಎಂಟು ಲಕ್ಷದ ಸಾಲದ ಸುದ್ದಿ ಮೊದಲ ಸಲ ಕೇಳಿದವರಿದ್ದಾರೆ. ಆವತ್ತು ಟೈಪಿಂಗ್ ಅಲ್ಲಿಗೇ ನಿಂತಿತು. ಹಾಗಾಗಿ ಇದನ್ನು ಚುನಾವಣೆ ಘೋಷಣೆಯಾದ ಮೇಲೆ ಮಾಡುವ ಕೆಲಸ ಅಂದುಕೊಳ್ಳಬೇಡಿ. ಯಾವುದಾದರೊಂದು ಭಾನುವಾರ, ಊಟವಾದ ಮೇಲೆ, ಯಜಮಾನರು ಒಳ್ಳೇ ಮೂಡಿನಲ್ಲಿರುವಾಗ, ಬೀರು ತೆಗೆದು ಇಬ್ಬರೂ ಕೂತು ಬರೆಯಿರಿ. ಒಂದು ರಟ್ಟಿನ ಫೈಲು, ಅದರ ಮೇಲೆ ನಿಮ್ಮ ಹೆಸರು. ಗಂಡನಿಂದ ದೂರವಾಗಿ ಕೋರ್ಟಿನಲ್ಲಿ ಕೇಸು ನಡೆಯುತ್ತಿದ್ದರೆ ಆ ಕಾಲಂಗೆ ಏನು ಬರೆಯಬೇಕು ಅಂತ ವಕೀಲರನ್ನೇ ಕೇಳಿ, ನನ್ನಂಥವರನ್ನಲ್ಲ.

ಹೆಂಗಸರು ಸಾಮಾನ್ಯವಾಗಿ ಬಿಟ್ಟುಬಿಡುವ ಕೆಲವು ಸಂಗತಿಗಳಿವೆ. ಅಡವಿಟ್ಟ ಒಡವೆ ನಿಮ್ಮದೇ, ಅದು ಆಸ್ತಿಯ ಕಡೆಗೂ ಬರುತ್ತದೆ, ಅದರ ಮೇಲೆ ತೆಗೆದ ಹಣ ಸಾಲದ ಕಡೆಗೂ ಬರುತ್ತದೆ. ಸ್ತ್ರೀಶಕ್ತಿ ಸಂಘದಿಂದ ತೆಗೆದ ಸಾಲವೂ ಸಾಲವೇ. ನಾದಿನಿಗೆ ಕೈಗಡ ಕೊಟ್ಟದ್ದಿದ್ದರೆ ಅದೂ ಬರಬೇಕು. ತವರಿನ ಆಸ್ತಿಯಲ್ಲಿ ಪಾಲು ಇದ್ದರೆ, ಅಣ್ಣಂದಿರು ಬೇಸರ ಮಾಡಿಕೊಳ್ಳುತ್ತಾರೆ ಅಂತ ಬಿಡುವಂತಿಲ್ಲ. ಸುಳ್ಳು ಬರೆದರೆ, ಮುಚ್ಚಿಟ್ಟರೆ ಆರು ತಿಂಗಳವರೆಗೆ ಜೈಲು ಆಗಬಹುದು. ಮತ್ತೆ ಯಾವ ಕಾಲಂ ಕೂಡ ಖಾಲಿ ಬಿಡಬೇಡಿ, ಗೀಟು ಎಳೆಯಬೇಡಿ. ಇಲ್ಲದ್ದಕ್ಕೆ "ಇಲ್ಲ", ಸಂಬಂಧವಿಲ್ಲದ್ದಕ್ಕೆ "ಅನ್ವಯಿಸುವುದಿಲ್ಲ". ಖಾಲಿ ಬಿಟ್ಟ ಪ್ರಮಾಣಪತ್ರವನ್ನು ತಿರಸ್ಕರಿಸಬಹುದು ಅಂತ 2013ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಪ್ರತಿ ಪುಟಕ್ಕೂ ನಿಮ್ಮ ಸಹಿ, ನೋಟರಿಯ ಮೊಹರು.

ಅಭ್ಯಾಸ ಬೇಕೆಂದರೆ ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಅಭ್ಯರ್ಥಿಗಳ ಪ್ರಮಾಣಪತ್ರಗಳು ಯಾರು ಬೇಕಾದರೂ ಓದುವಂತೆ ಇರುತ್ತವೆ. ನಿಮ್ಮ ಕ್ಷೇತ್ರದ ಎಂಪಿಯದನ್ನು ಒಂದು ಸಲ ಪ್ರಿಂಟ್ ತೆಗೆದು ಓದಿ. ಓದುತ್ತಾ ಓದುತ್ತಾ ಹೆದರಿಕೆ ಹೋಗುತ್ತದೆ, ಹೊಟ್ಟೆಯೂ ಸ್ವಲ್ಪ ಉರಿಯುತ್ತದೆ.

ಬ್ಯಾಂಕಿನ ವಿಷಯ ಬೇರೆ. ನಾಮಪತ್ರ ಸಲ್ಲಿಸುವುದಕ್ಕೆ ಕನಿಷ್ಠ ಒಂದು ದಿನ ಮೊದಲು ಚುನಾವಣಾ ವೆಚ್ಚಕ್ಕೇ ಬೇರೆ ಖಾತೆ ತೆರೆಯಬೇಕು. ಅದು ನಿಮ್ಮೊಬ್ಬರ ಹೆಸರಲ್ಲಿರಬೇಕು, ಇಲ್ಲವೇ ನಿಮ್ಮ ಚುನಾವಣಾ ಏಜೆಂಟ್ ಜೊತೆ ಜಂಟಿಯಾಗಿರಬೇಕು. ಏಜೆಂಟ್ ಅಲ್ಲದ ಗಂಡನ ಜೊತೆ ಜಂಟಿ ಖಾತೆ ನಡೆಯುವುದಿಲ್ಲ. ಈ ನಿಯಮ ಬರೆದವರು ಯಾರೋ, ಅವರಿಗೆ ನಮ್ಮ ಮನೆಗಳ ಪರಿಚಯ ಚೆನ್ನಾಗಿಯೇ ಇತ್ತು.

ಬೆಳಗಿನ ಜಾವ ಐದೂವರೆ

ಪಕ್ಷ ಯಾವುದಾದರೂ ಇರಲಿ, ಹೆಂಗಸರಿಗೆ ಕೊಡುವ ಕೆಲಸ ಎರಡೇ: ಮನೆಮನೆಗೆ ಕರಪತ್ರ, ವೇದಿಕೆ ಮೇಲೆ ಆರತಿ ತಟ್ಟೆ. ಎರಡನ್ನೂ ಮಾಡಿ, ಬೇಡ ಅನ್ನಲ್ಲ. ಆದರೆ ಕೇಳಿ ಪಡೆಯಬೇಕಾದದ್ದು ಬೂತ್ ಏಜೆಂಟ್ ಕೆಲಸ. "ಅಷ್ಟು ಬೆಳಿಗ್ಗೆ ನಿಮಗೆ ಆಗಲ್ಲಮ್ಮ" ಅನ್ನುತ್ತಾರೆ. ಮತದಾನ ಏಳಕ್ಕೆ ಶುರುವಾದರೆ, ಯಂತ್ರ ಸರಿಯಿದೆಯಾ ಅಂತ ನೋಡುವ ಅಣಕು ಮತದಾನ ಐದೂವರೆಗೆ. ಆ ಹೊತ್ತಿಗೆ ಎದ್ದು ಹಾಲು ಕಾಯಿಸಿ, ಡಬ್ಬಿ ಕಟ್ಟಿ, ನೀರು ಹಿಡಿದಿಟ್ಟಿರುವವಳು ಯಾರು? ಅದನ್ನೇ ಹೇಳಿ ಫಾರಂ 10 ಕೇಳಿ ಪಡೆಯಿರಿ. ಅದೇ ಏಜೆಂಟ್ ನೇಮಕದ ಕಾಗದ.

ಬೂತಿನಲ್ಲಿ ಹನ್ನೆರಡು ಗಂಟೆ ಕೂತರೆ ಹತ್ತು ತರಬೇತಿ ಶಿಬಿರದಲ್ಲಿ ಕಲಿಯದ್ದು ಕಲಿಯುತ್ತೀರಿ. ಯಾವ ಬೀದಿಯವರು ಹತ್ತು ಗಂಟೆಯೊಳಗೆ ಬರುತ್ತಾರೆ, ಯಾವ ಅಪಾರ್ಟ್‌ಮೆಂಟ್‌ನವರು ಬರುವುದೇ ಇಲ್ಲ, ಯಾರ ಹೆಸರು ಪಟ್ಟಿಯಲ್ಲಿದೆ ಆದರೆ ಮನುಷ್ಯ ತೀರಿಕೊಂಡು ಐದು ವರ್ಷವಾಗಿದೆ. ಸಂಜೆ ಕುರ್ಚಿಯಿಂದ ಏಳುವ ಮುಂಚೆ ಅಧಿಕಾರಿಯಿಂದ ಫಾರಂ 17ಸಿ ಪ್ರತಿ ತೆಗೆದುಕೊಳ್ಳದೆ ಬರಬೇಡಿ. ಆ ಯಂತ್ರದಲ್ಲಿ ಎಷ್ಟು ಮತ ಬಿದ್ದಿದೆ ಅಂತ ಅದರಲ್ಲಿರುತ್ತದೆ, ಎಣಿಕೆಯ ದಿನ ತಾಳೆ ನೋಡಲು ಅದೇ ಆಧಾರ. ಒಂದು ಬೂತಿನಲ್ಲೇನಿದೆ ಅನ್ನುವವರಿಗೆ ಪಕ್ಕದ ಜಯನಗರ ತೋರಿಸಿ. 2023ರ ವಿಧಾನಸಭೆ ಚುನಾವಣೆಯಲ್ಲಿ ಸೌಮ್ಯಾ ರೆಡ್ಡಿ ಅಲ್ಲಿ ಸೋತದ್ದು 16 ಮತಗಳಿಂದ. ಒಂದು ವಠಾರದಲ್ಲಿ ಅದಕ್ಕಿಂತ ಜಾಸ್ತಿ ವೋಟಿರುತ್ತೆ.

ಮೊದಲಾದರೆ ಬೂತಿನಿಂದ ಕಾರ್ಪೊರೇಟರ್, ಅಲ್ಲಿಂದ ಮೇಲೆ ಅಂತ ಒಂದು ಏಣಿ ಇತ್ತು. ಪಾಲಿಕೆಯಲ್ಲಿ ಅರ್ಧ ಸೀಟು ಹೆಂಗಸರಿಗೆ. ಆದರೆ ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಏಣಿಯ ನಡುವಿನ ಮೆಟ್ಟಿಲನ್ನೇ ಕಿತ್ತಿಟ್ಟು, ಮೇಲೆ ಹತ್ತಲು ಹೆಂಗಸರೇ ಸಿಗುತ್ತಿಲ್ಲ ಅಂದರೆ ಏನು ಹೇಳುವುದು.

"ಮಹಿಳೆ ಗೆಲ್ಲಲ್ಲಮ್ಮ"

ಟಿಕೆಟ್ ಕೇಳಲು ಹೋದಾಗ ಇದನ್ನು ಕೇಳಿಯೇ ಕೇಳುತ್ತೀರಿ. ಕೂಗಾಡಬೇಡಿ. ಎರಡು ಉತ್ತರ ಜೇಬಿನಲ್ಲಿಟ್ಟುಕೊಂಡು ಹೋಗಿ. 2004ರಲ್ಲಿ ಕನಕಪುರ ಲೋಕಸಭಾ ಕ್ಷೇತ್ರದಲ್ಲಿ ಮಾಜಿ ಪ್ರಧಾನಿ ದೇವೇಗೌಡರನ್ನು ಸೋಲಿಸಿದ್ದು ಟಿವಿ ಪತ್ರಕರ್ತೆಯಾಗಿದ್ದ ತೇಜಸ್ವಿನಿ. 2019ರಲ್ಲಿ ಒಡಿಶಾದಲ್ಲಿ ಬಿಜು ಜನತಾದಳ 21ರಲ್ಲಿ 7 ಟಿಕೆಟ್ ಹೆಂಗಸರಿಗೆ ಕೊಟ್ಟಿತು, 5 ಜನ ಗೆದ್ದರು. ಕೊಟ್ಟರೆ ತಾನೇ ಗೆಲ್ಲುವುದು.

ನಮ್ಮ ರಾಜ್ಯದಿಂದ ಲೋಕಸಭೆಗೆ ಹೋದ ಮೊದಲ ಮಹಿಳೆ ಸರೋಜಿನಿ ಮಹಿಷಿ, 1962ರಲ್ಲಿ ಧಾರವಾಡ ಉತ್ತರದಿಂದ ಗೆದ್ದವರು, ಮತ್ತೆ ಮತ್ತೆ ಗೆದ್ದರು. ಅರವತ್ತು ವರ್ಷ ಕಳೆದು 2024ರಲ್ಲಿ ಗೆದ್ದ ಮೂವರಲ್ಲಿ ಚಿಕ್ಕೋಡಿಯ ಪ್ರಿಯಾಂಕಾ ಜಾರಕಿಹೊಳಿ ಸಚಿವರ ಮಗಳು, ದಾವಣಗೆರೆಯ ಪ್ರಭಾ ಮಲ್ಲಿಕಾರ್ಜುನ್ ಸಚಿವರ ಪತ್ನಿ. ಬೆಂಗಳೂರು ಉತ್ತರದ ಶೋಭಾ ಕರಂದ್ಲಾಜೆ ಪಕ್ಷದ ಸಂಘಟನೆಯಿಂದ ಬಂದವರು. ಮನೆತನದಿಂದ ಬಂದವರನ್ನು ನಾನು ಹಳಿಯುತ್ತಿಲ್ಲ, ಗೆದ್ದದ್ದು ಜನರ ಮತದಿಂದಲೇ. ಮನೆತನವಿಲ್ಲದವಳು ಟಿಕೆಟ್ ಕೇಳಲು ಹೋಗುವಾಗ ಕೈಯಲ್ಲಿ ಏನಾದರೂ ಇರಬೇಕು ಅಂತಷ್ಟೇ. ನಾನು ಹೇಳುವುದು ಹೂವಿನ ಹಾರವನ್ನಲ್ಲ, ನಿಮ್ಮ ಹತ್ತು ಬೂತುಗಳ 17ಸಿ ಪ್ರತಿಗಳನ್ನು.

ಪಕ್ಷ ಟಿಕೆಟ್ ಕೊಟ್ಟರೆ ಫಾರಂ ಎ, ಫಾರಂ ಬಿ, ಅಂದರೆ ಈಕೆ ನಮ್ಮ ಅಭ್ಯರ್ಥಿ ಅಂತ ಪಕ್ಷ ಬರೆದುಕೊಡುವ ಕಾಗದಗಳು, ನಾಮಪತ್ರದ ಕೊನೆಯ ದಿನ ಮಧ್ಯಾಹ್ನ ಮೂರು ಗಂಟೆಯೊಳಗೆ ಚುನಾವಣಾಧಿಕಾರಿ ಕೈಸೇರಬೇಕು, ಶಾಯಿಯಲ್ಲಿ ಸಹಿ ಮಾಡಿದ್ದೇ ಆಗಬೇಕು. ವಾಟ್ಸಾಪ್‌ನಲ್ಲಿ ಬಂದದ್ದರ ಪ್ರಿಂಟ್ ನಡೆಯುವುದಿಲ್ಲ.

ಹತ್ತರಲ್ಲಿ ಒಂದು ಕಮ್ಮಿ

ಈಗ ನನ್ನ ತಪ್ಪಿನ ಕಥೆ. 2019ರಲ್ಲಿ ನಮ್ಮ ಬೀದಿಯ ನಿವೃತ್ತ ಶಿಕ್ಷಕಿ, ನಾವೆಲ್ಲ ಟೀಚರಮ್ಮ ಅನ್ನುತ್ತೇವೆ, ಬೆಂಗಳೂರು ದಕ್ಷಿಣದಿಂದ ಪಕ್ಷೇತರರಾಗಿ ನಿಲ್ಲುತ್ತೇನೆ ಅಂದರು. ಗೆಲ್ಲುವ ಭ್ರಮೆ ಇರಲಿಲ್ಲ. "ಮತಯಂತ್ರದಲ್ಲಿ ನನ್ನ ಹೆಸರು ನೋಡಬೇಕು, ಅಷ್ಟೇ ಕಣೇ" ಅಂದರು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ, ಅಂದರೆ ಹೆಸರು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವವರು, ಸಾಕು. ಪಕ್ಷೇತರರಿಗೆ ಹತ್ತು ಜನ ಬೇಕು, ಹತ್ತೂ ಜನ ಅದೇ ಲೋಕಸಭಾ ಕ್ಷೇತ್ರದ ಮತದಾರರಾಗಿರಬೇಕು. ಅಂಗಡಿಗೆ ಬರುವ ಹೆಂಗಸರನ್ನೇ ಹಿಡಿದು ಹತ್ತು ಸಹಿ ಹಾಕಿಸಿದೆ. ಮತದಾರರ ಪಟ್ಟಿಯ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಎಲ್ಲ ಅವರವರು ತಂದ ಹಳೇ ವೋಟರ್ ಸ್ಲಿಪ್ ನೋಡಿ ಟೈಪ್ ಮಾಡಿದೆ. ಪ್ರಮಾಣಪತ್ರ ಅಚ್ಚುಕಟ್ಟು, ಠೇವಣಿ 25,000 ನಗದು, ಪ್ರಮಾಣವಚನವೂ ಆಯಿತು.

ಮರುದಿನ ಪರಿಶೀಲನೆ. ಆರನೇ ಸೂಚಕಿಯ ಹೆಸರು ಪಟ್ಟಿಯಲ್ಲಿಲ್ಲ. ಆಕೆ ವರ್ಷದ ಹಿಂದೆ ಚಾಮರಾಜಪೇಟೆಗೆ ಮನೆ ಬದಲಾಯಿಸಿ, ಒಳ್ಳೇ ನಾಗರಿಕಳಂತೆ ಹೆಸರನ್ನೂ ಅಲ್ಲಿಗೇ ವರ್ಗಾಯಿಸಿಕೊಂಡಿದ್ದರು. ಕ್ರಮ ಸಂಖ್ಯೆ ತಪ್ಪಾಗಿದ್ದರೆ ತಿದ್ದಲು ಬಿಡುತ್ತಾರೆ. ಹೆಸರೇ ಬೇರೆ ಕ್ಷೇತ್ರದಲ್ಲಿದ್ದರೆ ತಿದ್ದುವುದು ಏನನ್ನು? ಒಂಬತ್ತೇ ಸೂಚಕರು ಉಳಿದು, ಟೀಚರಮ್ಮನ ನಾಮಪತ್ರ ತಿರಸ್ಕೃತವಾಯಿತು. ಅಧಿಕಾರಿಯ ತಪ್ಪಿಲ್ಲ, ಟೀಚರಮ್ಮನ ತಪ್ಪಿಲ್ಲ, ಪೂರ್ತಿ ನನ್ನದು. ತಿರಸ್ಕೃತವಾದರೆ ಠೇವಣಿ ವಾಪಸ್ ಬರುತ್ತದೆ. ಚಲಾವಣೆಯಾದ ಮತಗಳ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬರದೆ ಸೋತರೆ ಮಾತ್ರ ಹೋಗುವುದು. "ನೋಡು, ನಿನ್ನಿಂದ ಇಪ್ಪತ್ತೈದು ಸಾವಿರ ಉಳೀತು" ಅಂತ ಟೀಚರಮ್ಮ ನಕ್ಕರು. ನನಗೆ ನಗು ಬರಲಿಲ್ಲ.

ನೀವು ಹೀಗೆ ಮಾಡಿ. ಸೂಚಕರು ಹತ್ತು ಸಾಲದು, ಇಪ್ಪತ್ತು ಜನರನ್ನು ಹುಡುಕಿಟ್ಟುಕೊಳ್ಳಿ. ಒಂದು ಕ್ಷೇತ್ರಕ್ಕೆ ನಾಲ್ಕು ನಾಮಪತ್ರದವರೆಗೆ ಸಲ್ಲಿಸಬಹುದು, ಠೇವಣಿ ಒಂದೇ. ಎರಡು ಸೆಟ್‌ಗೆ ಬೇರೆ ಬೇರೆ ಹತ್ತು ಜನ ಸಹಿ ಹಾಕಲಿ, ಒಂದು ಬಿದ್ದರೆ ಇನ್ನೊಂದು ನಿಲ್ಲುತ್ತದೆ. ಇಪ್ಪತ್ತೂ ಜನರ ಹೆಸರನ್ನು ಹೊಸ ಪಟ್ಟಿಯಲ್ಲೇ ಹುಡುಕಿ. ಸ್ಲಿಪ್ ನಂಬಬೇಡಿ, ನೆನಪು ನಂಬಬೇಡಿ, ಮುಖ್ಯವಾಗಿ ನನ್ನಂಥ ಟೈಪಿಸ್ಟನ್ನು ನಂಬಬೇಡಿ. ಕೊನೆಯ ದಿನದವರೆಗೆ ಕಾಯದೆ ಎರಡು ದಿನ ಮೊದಲೇ, ಬೆಳಿಗ್ಗೆ ಹನ್ನೊಂದಕ್ಕೇ ಹೋಗಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಠೇವಣಿ 12,500, ಜಾತಿ ಪ್ರಮಾಣಪತ್ರ ಜೊತೆಗಿರಲಿ. ಚೆಕ್ ತೆಗೆದುಕೊಳ್ಳುವುದಿಲ್ಲ.

ಖರ್ಚಿನ ಬಗ್ಗೆ ಹೆಚ್ಚು ಹೇಳಲ್ಲ. 2024ರಲ್ಲಿ ನಮ್ಮ ರಾಜ್ಯದ ಲೋಕಸಭಾ ಅಭ್ಯರ್ಥಿಯ ಮಿತಿ 95 ಲಕ್ಷ ಇತ್ತು. ನಮ್ಮಂಥವರಿಗೆ ಅದು ಮಿತಿಯಲ್ಲ, ಕನಸು. ಆದರೆ ಮೂರೂವರೆ ಸಾವಿರ ಖರ್ಚು ಮಾಡಿದವರೂ ಲೆಕ್ಕ ಬರೆಯಬೇಕು. ಫಲಿತಾಂಶ ಬಂದ 30 ದಿನದೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ಲೆಕ್ಕ ಕೊಡದಿದ್ದರೆ ಮೂರು ವರ್ಷ ಅನರ್ಹತೆ ಬರಬಹುದು. ಸೋತ ಬೇಸರದಲ್ಲಿ ಇದನ್ನು ಮರೆತವರನ್ನು ನೋಡಿದ್ದೇನೆ. ದಿನಸಿ ಲೆಕ್ಕ ಬರೆಯುವ ಪುಸ್ತಕ ಇದೆಯಲ್ಲ, ಅದೇ ಕೈಬರಹ, ಅದೇ ಶಿಸ್ತು ಸಾಕು.

ಟೀಚರಮ್ಮನ ಫೈಲು ಈಗಲೂ ನನ್ನ ಅಂಗಡಿಯ ಶೆಲ್ಫಿನಲ್ಲೇ ಇದೆ. ಒಳಗೆ ಪೆನ್ಸಿಲಿನಲ್ಲಿ ಬರೆದ ಇಪ್ಪತ್ತು ಹೆಸರುಗಳ ಪಟ್ಟಿ. ಮೂರು ತಿಂಗಳಿಗೊಮ್ಮೆ ಒಬ್ಬೊಬ್ಬರಿಗೂ ಫೋನ್ ಮಾಡಿ ಮನೆ ಬದಲಾಯಿಸಿದ್ದೀರಾ ಅಂತ ಕೇಳುತ್ತೇನೆ, ಬಾಡಿಗೆ ಬ್ರೋಕರ್ ಅಂದುಕೊಂಡಿರಬೇಕು ಕೆಲವರು. ಮೊನ್ನೆ ಹನ್ನೊಂದನೆಯವರು, "ಮಗ ಕೆಂಗೇರೀಲಿ ಮನೆ ತಗೊಂಡಿದ್ದಾನೆ, ಮುಂದಿನ ತಿಂಗಳು ಹೋಗ್ತೀವಿ, ವೋಟೂ ಅಲ್ಲಿಗೇ ಮಾಡಿಸ್ಕೋತೀನಿ" ಅಂದರು. ಕೆಂಗೇರಿ ಬೆಂಗಳೂರು ಉತ್ತರಕ್ಕೆ ಸೇರುತ್ತದೆ. ರಬ್ಬರ್ ತೆಗೆದುಕೊಂಡು ಆ ಹೆಸರು ಅಳಿಸಿದೆ. ಎದುರು ಮನೆಗೆ ಹೊಸದಾಗಿ ಬಂದ ಸೊಸೆ ಆಧಾರ್ ಜೆರಾಕ್ಸ್‌ಗೆ ನಿಂತಿದ್ದಳು. "ನಿನ್ನ ವೋಟು ಎಲ್ಲಿದೆಯಮ್ಮ?" ಅಂತ ಕೇಳಿದೆ.

"ಮಂಡ್ಯದಲ್ಲೇ ಇದೆ ಆಂಟಿ" ಅಂದಳು. ಫಾರಂ 8 ತೆಗೆದು ಕೈಗೆ ಕೊಟ್ಟೆ.